ಆರ್ಮ್‌ಸ್ಟ್ರಾಂಗನ ನಗೆಯ ಲೆಕ್ಕ

ಲೂಯಿ ಆರ್ಮ್‌ಸ್ಟ್ರಾಂಗ್ ಸತ್ತದ್ದು 1971ರ ಜುಲೈ 6ರಂದು, ನ್ಯೂಯಾರ್ಕಿನ ಕ್ವೀನ್ಸ್ ಭಾಗದ ತನ್ನ ಮನೆಯಲ್ಲಿ. ಅವನ ಮುಖದ ಕೊನೆಯ ದರ್ಶನಕ್ಕೆ ಸುಮಾರು 25,000 ಜನ ಸಾಲುಗಟ್ಟಿ ಬಂದರು. ಜಾಜ್ ಸಂಗೀತವನ್ನು ಜಗತ್ತಿಗೆ ಕೊಟ್ಟ ಮಹಾನುಭಾವ ಅಂತ ಪತ್ರಿಕೆಗಳು ಬರೆದವು. ಅದೇ ಹೊತ್ತಿಗೆ ಅಮೆರಿಕದ ಕರಿಯರ ಕೇರಿಗಳಲ್ಲಿ ಬಹಳ ಯುವಕರ ಬಾಯಲ್ಲಿದ್ದ ಮಾತೇ ಬೇರೆ. ಅವರ ಪಾಲಿಗೆ ಆರ್ಮ್‌ಸ್ಟ್ರಾಂಗ್ ಒಬ್ಬ 'ಅಂಕಲ್ ಟಾಮ್'. ಅಂದರೆ ಬಿಳಿ ಧಣಿಯ ಮುಂದೆ ಹಲ್ಲು ಕಿರಿದು ನಿಂತ ಮುದಿ ಜೀತಗಾರ.

ಎರಡು ಮಾತೂ ಒಬ್ಬನೇ ಮನುಷ್ಯನ ಬಗ್ಗೆ. ಅವನಿಗೆ ಸಿಕ್ಕ ಕೀರ್ತಿ ಸಲ್ಲತಕ್ಕದ್ದೋ ಅಲ್ಲವೋ ಎಂಬ ಜಗಳ ಅವನ ಜೊತೆ ಮಣ್ಣಾಗಲಿಲ್ಲ. ಇವತ್ತಿಗೂ ಪುಸ್ತಕಗಳಲ್ಲಿ, ಸಿನಿಮಾಗಳಲ್ಲಿ ಅದು ನಡೀತಾನೇ ಇದೆ.

ದೂರದ ಈ ಜಗಳ ನಮಗ್ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರೋದು ನ್ಯೂಯಾರ್ಕಿನ ಕರಿಯರ ಕೇರಿ ಹಾರ್ಲೆಮ್ಮಿನ ಪಕ್ಕದಲ್ಲೇ. 1946ರಲ್ಲಿ ಅವರು ಕರಿಯರ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು ವಿಚಾರಿಸಿದ್ದೇ ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಕೊಟ್ಟಿದ್ದ ಮನವಿಯ ವಿಚಾರ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಪಡೆದದ್ದು 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಆ ಜನರ ಸಿಟ್ಟು ನಮಗೆ ಗೊತ್ತು. ಅವರೊಳಗಿನ ಜಗಳವೂ ನಮಗೆ ಗೊತ್ತಿರಬೇಕು. ನೊಂದವರ ನಡುವೆ ಹುಟ್ಟಿದ ಕಲಾವಿದನೊಬ್ಬನನ್ನು ನೊಂದವರೇ ಹೇಗೆ ಅಳೆಯಬೇಕು ಅನ್ನೋ ಪ್ರಶ್ನೆ ಅದರಲ್ಲಿದೆ.

ಮೊದಲು ಊರಿನ ವಿಚಾರ. ನ್ಯೂ ಆರ್ಲಿಯನ್ಸ್ ದಕ್ಷಿಣ ಅಮೆರಿಕ ಸಂಸ್ಥಾನಗಳ ದೊಡ್ಡ ಗುಲಾಮರ ಸಂತೆ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಕಾಂಗೋ ಚೌಕದಲ್ಲಿ ಭಾನುವಾರ ಮಾತ್ರ ಗುಲಾಮರು ಕೂಡಿ ಡೋಲು ಬಡಿದು ಕುಣಿಯಬಹುದಿತ್ತು. ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಹೋಯಿತು. ಹಿಂದೆಯೇ ಬೇರೆ ಕಾನೂನು ಬಂತು. ಬಿಳಿಯರ ರೈಲುಡಬ್ಬಿಯಲ್ಲಿ ಕೂತ ತಪ್ಪಿಗೆ ಇದೇ ಊರಿನ ಹೋಮರ್ ಪ್ಲೆಸ್ಸಿಯನ್ನು 1892ರಲ್ಲಿ ಹಿಡಿದರು. ಆ ಮೊಕದ್ದಮೆಯಲ್ಲಿ 1896ರಲ್ಲಿ ಸುಪ್ರೀಂ ಕೋರ್ಟು 'ಬೇರೆ ಬೇರೆ, ಆದರೆ ಸಮಾನ' ಎಂಬ ನ್ಯಾಯ ಕೊಟ್ಟಿತು. ಬೇರೆ ರೈಲುಡಬ್ಬಿ, ಬೇರೆ ಶಾಲೆ, ಬೇರೆ ನೀರಿನ ನಲ್ಲಿ. 'ಸಮಾನ' ಅನ್ನೋದು ಕಾಗದದ ಮೇಲೆ ಉಳೀತು.

ಈ ತೀರ್ಪು ಬಂದ ಐದು ವರ್ಷಕ್ಕೆ, 1901ರ ಆಗಸ್ಟ್ 4ರಂದು, ಆ ಊರಿನ ಕಡುಬಡವರ ಕೇರಿಯಲ್ಲಿ ಆರ್ಮ್‌ಸ್ಟ್ರಾಂಗ್ ಹುಟ್ಟಿದ. ಹೊಡೆದಾಟ, ಚಾಕು, ಗುಂಡು ದಿನನಿತ್ಯದ್ದಾಗಿ ಜನ ಆ ಕೇರಿಯನ್ನು 'ರಣರಂಗ' ಅಂತಲೇ ಕರೀತಿದ್ದರು. ಅಪ್ಪ ಬಿಟ್ಟುಹೋದ. ಅಜ್ಜಿ, ಆಮೇಲೆ ಅವ್ವ ಸಾಕಿದರು. ಕಾರ್ನೋಫ್‌ಸ್ಕಿ ಎಂಬ ಯೆಹೂದಿ ಮನೆಯವರ ಗಾಡಿಯಲ್ಲಿ ಹುಡುಗ ಗುಜರಿ ಆಯ್ದ, ಇದ್ದಿಲು ಮಾರಿದ. ತುತ್ತೂರಿಯ ಜಾತಿಗೆ ಸೇರಿದ ಹಿತ್ತಾಳೆಯ ಕಾರ್ನೆಟ್ ವಾದ್ಯ ಅವನ ಕೈಗೆ ಬಂದದ್ದೂ ಅವರ ನೆರವಿನಿಂದಲೇ. 1912ರ ಕೊನೆಯ ರಾತ್ರಿ, ಹೊಸ ವರ್ಷದ ಸಡಗರದಲ್ಲಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ. ಪೊಲೀಸರು ಹಿಡಿದರು. ಹನ್ನೊಂದು ವರ್ಷದ ಹುಡುಗನನ್ನು ಕರಿಯ ಮಕ್ಕಳ ಸುಧಾರಣಾ ಗೃಹಕ್ಕೆ ಹಾಕಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಅವನಿಗೆ ಶಿಸ್ತಿನಿಂದ ನುಡಿಸೋದು ಹೇಳಿಕೊಟ್ಟರು. ಯಾವ ಸಂಗೀತ ಶಾಲೆಯೂ ಬಾಗಿಲು ತೆರೆಯದ ಹುಡುಗನಿಗೆ ಸೆರೆಮನೆಯ ಮೇಷ್ಟ್ರೇ ಗುರು.

ಇನ್ನು ಅವನು ಸಂಗೀತದಲ್ಲಿ ಮಾಡಿದ್ದೇನು ಅನ್ನೋದು. ಇದನ್ನು ಬಿಟ್ಟು ಜಗಳಕ್ಕೆ ಇಳಿದರೆ ಅನ್ಯಾಯವಾಗುತ್ತೆ. ಆ ಊರಿನ ವಾದ್ಯಮೇಳಗಳಲ್ಲಿ ಎಲ್ಲರೂ ಒಟ್ಟಿಗೇ ನುಡಿಸುವ ಪದ್ಧತಿ ಇತ್ತು. ಕಾರ್ನೆಟ್, ಕ್ಲಾರಿನೆಟ್, ಟ್ರಾಂಬೋನ್ ಒಂದಕ್ಕೊಂದು ಹೆಣೆದುಕೊಂಡು ಸಾಗುತ್ತಿದ್ದವು. ಜೋ ಆಲಿವರ್ 1922ರಲ್ಲಿ ಈ ಹುಡುಗನನ್ನು ಷಿಕಾಗೋಗೆ ಕರೆಸಿಕೊಂಡ. ದಕ್ಷಿಣದ ಹೊಲಗಳನ್ನೂ ಕೊಲೆಗಡುಕ ಗುಂಪುಗಳನ್ನೂ ಬಿಟ್ಟು ಲಕ್ಷಾಂತರ ಕರಿಯರು ಉತ್ತರದ ಕಾರ್ಖಾನೆ ಪಟ್ಟಣಗಳಿಗೆ ಗುಳೆ ಹೋಗುತ್ತಿದ್ದ ಕಾಲ ಅದು. ಆರ್ಮ್‌ಸ್ಟ್ರಾಂಗ್ ಹೋದದ್ದೂ ಅದೇ ದಾರಿಯಲ್ಲಿ.

1925ರಿಂದ 1928ರವರೆಗೆ 'ಹಾಟ್ ಫೈವ್', 'ಹಾಟ್ ಸೆವೆನ್' ಎಂಬ ಸಣ್ಣ ಮೇಳಗಳ ಜೊತೆ ಅವನು ಓಕೆ ಕಂಪನಿಗೆ ಮುದ್ರಿಸಿಕೊಟ್ಟ ತಟ್ಟೆಗಳು ಜಾಜ್ ಸಂಗೀತದ ಬುನಾದಿಯನ್ನೇ ಬದಲಾಯಿಸಿದವು. ಮೇಳದೊಳಗಿಂದ ಒಂದು ದನಿ ಎದ್ದು ನಿಂತು ತನ್ನ ಮಾತನ್ನ ತಾನೇ ಹೇಳತೊಡಗಿತು. ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುವ ಬದಲು ತಾಳದ ಹಿಂದೆ ಒಂಚೂರು ಉಳಿದು, ಆಮೇಲೆ ಮುಂದಕ್ಕೆ ಹಾರಿ, ಕೇಳುವವನ ಮೈಯನ್ನೇ ತೂಗಿಸುವ ನಡೆ ಬಂತು. 1926ರ ಒಂದು ಹಾಡಿನಲ್ಲಿ ಅವನು ಪದಗಳನ್ನೇ ಬಿಟ್ಟು ಬರೀ ಸದ್ದುಗಳಲ್ಲಿ ಹಾಡಿದ. ಆ ಪದ್ಧತಿ ಮನೆಮಾತಾಯಿತು. 1928ರ ಜೂನ್ 28ರಂದು ಮುದ್ರಿಸಿದ 'ವೆಸ್ಟ್ ಎಂಡ್ ಬ್ಲೂಸ್' ಶುರುವಾಗೋದೇ ಅವನೊಬ್ಬನ ತುತ್ತೂರಿಯಿಂದ. ಜೊತೆಗೆ ಬೇರೆ ವಾದ್ಯ ಇಲ್ಲ, ತಾಳವೂ ಇಲ್ಲ. ಕಾಲು ನಿಮಿಷಕ್ಕೂ ಕಡಿಮೆ. ಆಮೇಲೆ ಬಂದ ತುತ್ತೂರಿಗಾರರೆಲ್ಲ ಆ ಕಾಲು ನಿಮಿಷವನ್ನು ಪಾಠದಂತೆ ಕಲಿತರು. ಅವನನ್ನು ಬೈದವರೂ ಇದನ್ನು ಅಲ್ಲಗಳೆದಿಲ್ಲ. ಜಗಳ ಇರೋದು ಅವನ ತುತ್ತೂರಿಯ ಮೇಲಲ್ಲ, ತುತ್ತೂರಿ ಕೆಳಗಿಟ್ಟ ಮೇಲೆ ಬರುತ್ತಿದ್ದ ನಗೆಯ ಮೇಲೆ.

ಕಪ್ಪು ಜನ ಕಟ್ಟಿದ ಸಂಗೀತಕ್ಕೆ ಕಿರೀಟ ಯಾರ ತಲೆಗೆ ಹೋಯಿತು ನೋಡಿ. ಜಾಜ್‌ನ ಮೊಟ್ಟಮೊದಲ ಧ್ವನಿಮುದ್ರಣ 1917ರದ್ದು. ನುಡಿಸಿದವರು ನ್ಯೂ ಆರ್ಲಿಯನ್ಸಿನ ಐದು ಜನ ಬಿಳಿಯರು. ಅವರ ಮುಖಂಡ ಈ ಸಂಗೀತವನ್ನು ಹುಟ್ಟಿಸಿದ್ದೇ ಬಿಳಿಯರು ಅಂತ ಮುಂದೆ ವಾದವನ್ನೂ ಹೂಡಿದ. ಮಾತು ಬಂದ ಮೊದಲ ದೊಡ್ಡ ಸಿನಿಮಾಕ್ಕೆ 1927ರಲ್ಲಿ ಇಟ್ಟ ಹೆಸರು 'ದಿ ಜಾಜ್ ಸಿಂಗರ್'. ಅದರ ನಾಯಕ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ. 1930ರಲ್ಲಿ 'ಕಿಂಗ್ ಆಫ್ ಜಾಜ್' ಎಂಬ ಸಿನಿಮಾ ಬಂತು. ಆ ರಾಜನ ಹೆಸರು ಪಾಲ್ ವೈಟ್‌ಮನ್. ಅವನೂ ಬಿಳಿಯನೇ. ದುಡಿಮೆ ಒಬ್ಬರದು, ಸಿಂಹಾಸನ ಇನ್ನೊಬ್ಬರದು. ಇಂಥ ಕಡೆ ಒಬ್ಬ ಕರಿಯ ಒಳಕ್ಕೆ ಬರಬೇಕಾದರೆ ಏನು ತೆರಬೇಕಿತ್ತು?

ಅದಕ್ಕೆ ಮಿನ್‌ಸ್ಟ್ರೆಲ್ ಆಟ ಅಂದರೇನು ಅಂತ ತಿಳಿಯಬೇಕು. 1830ರ ದಶಕದಿಂದ ಬಿಳಿ ನಟರು ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ತುಟಿ ದಪ್ಪ ಮಾಡಿಕೊಂಡು, ಕಣ್ಣು ತಿರುಗಿಸುತ್ತಾ ಗುಲಾಮನ ವೇಷ ಕಟ್ಟುತ್ತಿದ್ದರು. ಪೆದ್ದ, ಸೋಮಾರಿ, ಸದಾ ನಗುವವನು, ಧಣಿಯ ಹೊಲದಲ್ಲಿ ಸುಖವಾಗಿರುವವನು. ಬಿಳಿ ಅಮೆರಿಕ ನೂರು ವರ್ಷ ಈ ಆಟ ನೋಡಿ ನಕ್ಕಿತು. ಆಮೇಲೆ ನಿಜವಾದ ಕರಿಯ ರಂಗದ ಮೇಲೆ ಬಂದಾಗಲೂ ಅದೇ ಹಲ್ಲು, ಅದೇ ಕಣ್ಣು ಬೇಕು ಅಂತ ಕೇಳಿತು.

'ಅಂಕಲ್ ಟಾಮ್' ಎಂಬ ಬೈಗುಳಕ್ಕೂ ಈ ಆಟಕ್ಕೂ ನಂಟಿದೆ. 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ ಕಾದಂಬರಿಯ ಟಾಮ್ ತಲೆ ತಗ್ಗಿಸುವವನೇನೋ ಹೌದು. ಆದರೆ ಓಡಿಹೋದ ಇಬ್ಬರು ಗುಲಾಮ ಹೆಂಗಸರು ಎಲ್ಲಿದ್ದಾರೆ ಅಂತ ಹೇಳಲು ಒಪ್ಪದೆ ಧಣಿಯ ಹೊಡೆತ ತಿಂದು ಸತ್ತವನೂ ಅವನೇ. ಬಿಳಿಯರ ಆಟದ ಮೇಳಗಳು ಆ ಸಾವನ್ನು ತೆಳುಮಾಡಿ ನಗುವ ಮುದುಕನನ್ನು ಉಳಿಸಿಕೊಂಡವು. ಆರ್ಮ್‌ಸ್ಟ್ರಾಂಗನಿಗೂ ಹೀಗೇ ಆಯಿತು ಅಂತ ನಮ್ಮ ಅನಿಸಿಕೆ. ಮುಂದೆ ಹೇಳುತ್ತೇವೆ.

1931ರಲ್ಲಿ ಅವನು ಹೆಸರುವಾಸಿಯಾಗಿ ಹುಟ್ಟಿದೂರಿಗೆ ಮರಳಿದ. ನುಡಿಸಿದ್ದು ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ಜಾಗದಲ್ಲಿ. ಅವನ ಜನ ಸಾವಿರಗಟ್ಟಲೆ ಹೊರಗೆ ನದಿಯ ಏರಿಯ ಮೇಲೆ ನಿಂತು ಕಿಟಕಿಯಿಂದ ಬಂದಷ್ಟು ಕೇಳಿದರು. ಹಬ್ಬಕ್ಕೆ ತಮಟೆ ಬೇಕು, ತಮಟೆಯವನು ಗುಡಿಯೊಳಗೆ ಬೇಡ ಅನ್ನುವ ನ್ಯಾಯ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಡಿಯೋದ ಬಿಳಿಯ ನಿರೂಪಕ ಕರಿಯನ ಹೆಸರು ತನ್ನ ಬಾಯಲ್ಲಿ ಹೇಳಲಾರೆ ಅಂತ ಹಿಂದೆ ಸರಿದ. ಆರ್ಮ್‌ಸ್ಟ್ರಾಂಗ್ ತಾನೇ ಮುಂದೆ ಬಂದು ತನ್ನನ್ನು ಪರಿಚಯಿಸಿಕೊಂಡ.

ಅದೇ ವರ್ಷ ಮೆಂಫಿಸ್‌ನಲ್ಲಿ ಅವನ ಇಡೀ ಮೇಳವನ್ನು ಬಸ್ಸಿನಿಂದ ಇಳಿಸಿ ಲಾಕಪ್ಪಿಗೆ ಹಾಕಿದರು. ಕಾರಣ ಏನು? ವ್ಯವಸ್ಥಾಪಕನ ಬಿಳಿ ಹೆಂಡತಿ ಕರಿಯರ ಜೊತೆ ಅದೇ ಬಸ್ಸಿನಲ್ಲಿದ್ದಳು. ಬಿಡುಗಡೆಯಾದ ಮೇಲೆ ಕಾರ್ಯಕ್ರಮದಲ್ಲಿ ಆರ್ಮ್‌ಸ್ಟ್ರಾಂಗ್ ಒಂದು ಹಾಡನ್ನು ಮೆಂಫಿಸ್ ಪೊಲೀಸರಿಗೆ ಅರ್ಪಿಸಿದ. 'ನೀನು ಸತ್ತರೆ ನನಗೆ ಖುಷಿ' ಅನ್ನೋ ಅರ್ಥದ ಹಾಡು ಅದು. ಪೊಲೀಸರಿಗೆ ಸಿಟ್ಟು ಬರಲಿಲ್ಲ, ಸನ್ಮಾನ ಅಂತ ತಿಳಿದು ಹಿಗ್ಗಿದರಂತೆ. ಮುಸುಕಿನ ಗುದ್ದು ಅಂದರೆ ಇದು. ಹಲ್ಲು ಕಾಣುವ ನಗೆಯಲ್ಲೇ ಇಂಥದೂ ಇತ್ತು.

ಆದರೆ ನಗೆಯೆಲ್ಲ ಮುಸುಕಿನ ಗುದ್ದು ಅಂತ ಹೇಳಿ ಕೈತೊಳೆದುಕೊಳ್ಳೋದೂ ಸುಳ್ಳಾಗುತ್ತೆ. 1932ರ ಒಂದು ಕಿರುಚಿತ್ರದಲ್ಲಿ ಅವನನ್ನು ಚಿರತೆ ಚರ್ಮ ಉಡಿಸಿ, ಸಾಬೂನಿನ ನೊರೆಯ ನಡುವೆ ನಿಲ್ಲಿಸಿ, ಕಾಡಿನ ರಾಜನಂತೆ ಕುಣಿಸಿದರು. ಅವನು ಕುಣಿದ. ಅವನ ಆರಂಭದ ಹಾಡಿನಲ್ಲಿ ದಕ್ಷಿಣದ ಹೊಲಗಳ ಸುಖದ ವರ್ಣನೆ ಇತ್ತು, ಕರಿಯರನ್ನು ಹೀಯಾಳಿಸುವ ಹಳೆಯ ಪದವೂ ಇತ್ತು. 1950ರ ದಶಕದ ಆರಂಭದಲ್ಲಿ ಕರಿಯರೇ ತಕರಾರು ಎತ್ತಿದ ಮೇಲೆ ಪದ ಬದಲಾಯಿತು, ಹಾಡು ಉಳೀತು. 1935ರಲ್ಲಿ ಅವನು ಜೋ ಗ್ಲೇಸರ್ ಎಂಬ ಬಿಳಿಯನ ಕೈಗೆ ತನ್ನ ವ್ಯವಹಾರವನ್ನೆಲ್ಲ ಕೊಟ್ಟ. ಗ್ಲೇಸರನಿಗೆ ಷಿಕಾಗೋದ ಕಪೋನ್ ಗುಂಪಿನ ನಂಟಿತ್ತು. ಅದಕ್ಕೆ ಮೊದಲು ಪಾತಕಿಗಳು ಬಂದೂಕು ತೋರಿಸಿ ಎಲ್ಲಿ ನುಡಿಸಬೇಕು ಅಂತ ಅಪ್ಪಣೆ ಮಾಡಿದ್ದುಂಟು. ಪಾತಕಿಗಳ ಲೋಕದಲ್ಲಿ ಬದುಕಬೇಕಾದರೆ ಒಬ್ಬ ಬಿಳಿ ಯಜಮಾನನ ನೆರಳು ಬೇಕು ಅನ್ನೋದು ಅವನು ಕೇರಿಯಲ್ಲೇ ಕಲಿತ ಪಾಠ. 1969ರಲ್ಲಿ ಗ್ಲೇಸರ್ ಸಾಯುವವರೆಗೂ ಆ ನೆರಳು ಬಿಡಲಿಲ್ಲ. ವರ್ಷಕ್ಕೆ ಸುಮಾರು 300 ರಾತ್ರಿ ನುಡಿಸಿದ. ತುಟಿ ಒಡೆದು ರಕ್ತ ಬಂದರೂ ನುಡಿಸಿದ. ಇದನ್ನು ಜೀತ ಅನ್ನಬೇಕೋ ಬೇಡವೋ, ನೀವೇ ಹೇಳಿ.

1940ರ ದಶಕದಲ್ಲಿ ಹಾರ್ಲೆಮ್ಮಿನ ಮಿಂಟನ್ಸ್ ಎಂಬ ಕ್ಲಬ್ಬಿನಲ್ಲಿ ಹೊಸ ಹುಡುಗರು ಬಂದರು. ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಥೆಲೋನಿಯಸ್ ಮಂಕ್. ಅವರ 'ಬೀಬಾಪ್' ಕುಣಿತಕ್ಕೆ ಒಗ್ಗುವ ಸಂಗೀತವಾಗಿರಲಿಲ್ಲ, ಕೂತು ಕೇಳಬೇಕಾದ ಸಂಗೀತ. ನಾವು ನಿಮ್ಮನ್ನು ನಗಿಸಲು ಬಂದಿಲ್ಲ, ನಾವು ಕಲಾವಿದರು ಅನ್ನೋದು ಅವರ ನಿಲುವು. ಕೆಲವು ವರ್ಷ ಕಳೆದ ಮೇಲೆ ಮೈಲ್ಸ್ ಡೇವಿಸ್ ಸಭಿಕರಿಗೆ ಬೆನ್ನು ತಿರುಗಿಸಿಯೇ ನುಡಿಸಿಬಿಟ್ಟ. ಈ ಹುಡುಗರ ಕಣ್ಣಿಗೆ ಆರ್ಮ್‌ಸ್ಟ್ರಾಂಗನ ಬಿಳಿ ಕರವಸ್ತ್ರ, ಕಣ್ಣುಗುಡ್ಡೆಯ ಆಟ, ಹಲ್ಲು ಎಲ್ಲ ಅವಮಾನವಾಗಿ ಕಂಡವು. 1949ರಲ್ಲಿ ಗಿಲೆಸ್ಪಿ ಅವನನ್ನು ಹೊಲದ ಗುಲಾಮನ ಪಾತ್ರ ಅಂತ ಬಹಿರಂಗವಾಗಿ ಜರೆದ. ಆರ್ಮ್‌ಸ್ಟ್ರಾಂಗನೂ ಸುಮ್ಮನಿರಲಿಲ್ಲ. ಹೊಸಬರ ಸಂಗೀತವನ್ನು ಆಡಿಕೊಂಡ, 1954ರಲ್ಲಿ ಅಣಕದ ಹಾಡನ್ನೂ ಮುದ್ರಿಸಿದ.

ಅದೇ 1949ರಲ್ಲಿ ಅವನು ನ್ಯೂ ಆರ್ಲಿಯನ್ಸಿನ ಮಾರ್ಡಿ ಗ್ರಾ ಹಬ್ಬದಲ್ಲಿ 'ಜುಲು ರಾಜ'ನಾಗಿ ಮೆರವಣಿಗೆ ಹೋದ. ಮುಖಕ್ಕೆ ಮಸಿ, ಕಣ್ಣು ಬಾಯಿಗೆ ಬಿಳಿ ಬಣ್ಣ, ಸೊಂಟಕ್ಕೆ ಹುಲ್ಲು. 'ಟೈಮ್' ಪತ್ರಿಕೆ ಅವನ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಓದಿದ ಕರಿಯರು ನಾಚಿದರು, ಸಿಟ್ಟಾದರು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಜುಲು ಸಂಘ ಆ ಊರಿನ ಕರಿಯ ಕೂಲಿಕಾರರದು. ಸದಸ್ಯರು ಸತ್ತರೆ ಮಣ್ಣಿಗೆ, ಕಾಯಿಲೆ ಬಿದ್ದರೆ ಔಷಧಿಗೆ ಕಾಸು ಕೂಡಿಸುತ್ತಿದ್ದ ಸಂಘ. ಬಿಳಿ ಸಾಹುಕಾರರ 'ರೆಕ್ಸ್' ರಾಜನ ಠೀವಿಯನ್ನು ಅಣಕ ಮಾಡಲು ಹುಟ್ಟಿದ ವೇಷ ಅದು. ಆರ್ಮ್‌ಸ್ಟ್ರಾಂಗ್‌ಗೆ ಅದು ಕೇರಿ ಕೊಟ್ಟ ಕಿರೀಟ. ದೂರದ ಕಣ್ಣಿಗೆ ಅದು ಬಿಳಿಯರು ಬಳಿದ ಮಸಿ. ಎರಡೂ ನಿಜ. ಅಣಕದ ಅರ್ಥ ಕೇರಿಯವರಿಗೆ ಗೊತ್ತಿತ್ತು. ಫೋಟೋ ನೋಡಿದ ಬಿಳಿ ಅಮೆರಿಕಕ್ಕೆ ಗೊತ್ತಿರಲಿಲ್ಲ. ಹುಡುಗರ ಸಿಟ್ಟು ಅದಕ್ಕಾಗಿ. ಆ ಸಿಟ್ಟು ನ್ಯಾಯವಾದದ್ದು.

ಈಗ 1957ಕ್ಕೆ ಬರೋಣ. ಆ ವರ್ಷದ ಫೆಬ್ರವರಿಯಲ್ಲಿ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಅವನು ನುಡಿಸುತ್ತಿದ್ದಾಗ ಸಭಾಂಗಣದ ಹೊರಗೆ ಡೈನಮೈಟ್ ಸಿಡಿಯಿತು. ಅವನು ಏನೋ ನಗೆಚಾಟಿಕೆ ಹೇಳಿ ಜನರ ಗಾಬರಿ ಇಳಿಸಿ ಮುಂದುವರಿಸಿದ. ಆ ಸಭೆಯಲ್ಲೂ ಬಿಳಿಯರು ಒಂದು ಕಡೆ, ಕರಿಯರು ಒಂದು ಕಡೆ. ಇಂಥ ಸಭೆಗಳಲ್ಲಿ ಯಾಕೆ ನುಡಿಸಿದೆ ಅನ್ನೋ ಪ್ರಶ್ನೆಗೆ ಅವನು ಉತ್ತರಿಸಲೇಬೇಕು. ಅದೇ ಮನುಷ್ಯ ಮಾತ್ರ, ಲೂಸಿಯಾನ ಸಂಸ್ಥಾನ 1956ರಲ್ಲಿ ಬಿಳಿಯರು ಕರಿಯರು ಒಂದೇ ರಂಗದ ಮೇಲೆ ಕೂಡಿ ನುಡಿಸಬಾರದು ಅಂತ ಕಾನೂನು ಮಾಡಿದಾಗ, ಎರಡೂ ಬಣ್ಣದವರಿದ್ದ ತನ್ನ ಮೇಳವನ್ನು ಒಡೆಯಲಿಲ್ಲ. ಹುಟ್ಟಿದೂರಲ್ಲಿ ನುಡಿಸೋದನ್ನೇ ಬಿಟ್ಟ. 1964ರ ನಾಗರಿಕ ಹಕ್ಕು ಕಾಯಿದೆ ಬಂದ ಮೇಲೆ, 1965ರಲ್ಲಿ ಮತ್ತೆ ಅಲ್ಲಿಗೆ ಕಾಲಿಟ್ಟ.

1957ರ ಸೆಪ್ಟೆಂಬರ್ 4. ಅರ್ಕಾನ್ಸಾ ಸಂಸ್ಥಾನದ ಲಿಟಲ್ ರಾಕ್ ಊರು. ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದು ಅಂತ ಸುಪ್ರೀಂ ಕೋರ್ಟು 1954ರಲ್ಲೇ ಹೇಳಿತ್ತು. ಒಂಬತ್ತು ಕರಿಯ ಮಕ್ಕಳು ಸೆಂಟ್ರಲ್ ಹೈಸ್ಕೂಲಿಗೆ ಹೊರಟರು. ಗವರ್ನರ್ ಫಾಬಸ್ ಸಂಸ್ಥಾನದ ಸೈನಿಕರನ್ನು ನಿಲ್ಲಿಸಿ ಬಾಗಿಲು ಮುಚ್ಚಿಸಿದ. ಎಲಿಜಬೆತ್ ಎಕ್‌ಫರ್ಡ್ ಎಂಬ ಹದಿನೈದರ ಹುಡುಗಿ ಪುಸ್ತಕ ಹಿಡಿದು ಒಬ್ಬಳೇ ನಡೆದು ಬಂದಳು. ಹಿಂದೆ ಬಿಳಿಯರ ಗುಂಪು ಅರಚುತ್ತಾ ಬಂತು. ಆ ಚಿತ್ರ ಜಗತ್ತೆಲ್ಲ ಹರಡಿತು. ಅಧ್ಯಕ್ಷ ಐಸೆನ್‌ಹೋವರ್ ವಾರಗಟ್ಟಲೆ ಮೀನಮೇಷ ಎಣಿಸುತ್ತಾ ಕೂತ.

ಆಗ ಆರ್ಮ್‌ಸ್ಟ್ರಾಂಗ್ ಅಮೆರಿಕ ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗುವ ಮಾತು ನಡೆದಿತ್ತು. ಸೆಪ್ಟೆಂಬರ್ 17ರಂದು ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಸಣ್ಣ ಪಟ್ಟಣದ ಹೋಟೆಲಿನಲ್ಲಿ, ಸ್ಥಳೀಯ ಪತ್ರಿಕೆಯ ಪರವಾಗಿ ಬಂದ 21 ವರ್ಷದ ಒಬ್ಬ ವಿದ್ಯಾರ್ಥಿ ಅವನನ್ನು ಮಾತಾಡಿಸಿದ. ಸಂಗೀತದ ಬಗ್ಗೆ ನಾಲ್ಕು ಮಾತು ಸಿಕ್ಕರೆ ಸಾಕು ಅಂತ ಬಂದಿದ್ದ ಹುಡುಗ ಅವನು. ಲಿಟಲ್ ರಾಕ್ ಮಾತು ಬಂತು. ಆರ್ಮ್‌ಸ್ಟ್ರಾಂಗ್ ಸಿಡಿದ. ದಕ್ಷಿಣದಲ್ಲಿ ನನ್ನ ಜನರನ್ನು ನಡೆಸಿಕೊಳ್ಳುತ್ತಿರುವ ರೀತಿಗೆ ಈ ಸರ್ಕಾರ ಹಾಳಾಗಿ ಹೋಗಲಿ ಅಂದ. ಅಧ್ಯಕ್ಷನಿಗೆ ಎರಡು ಮುಖ, ಗಂಡೆದೆ ಇಲ್ಲ ಅಂದ. ಗವರ್ನರನನ್ನು ಓದುಬರಹ ಇಲ್ಲದ ನೇಗಿಲ ಹೈದ ಅಂತ ಜರೆದ. ಅದಕ್ಕಿಂತ ಹೊಲಸಾದ ಮಾತನ್ನೇ ಮೊದಲು ಆಡಿದ್ದನಂತೆ, ಅಚ್ಚಿಗೆ ಬೇಕಾಗಿ ಬದಲಾಯಿಸಿದರು. ಸೋವಿಯತ್ ಪ್ರವಾಸಕ್ಕೂ ಹೋಗೋದಿಲ್ಲ, ನಿಮ್ಮ ದೇಶದಲ್ಲಿ ಇದೇನು ಅಂತ ಅಲ್ಲಿನ ಜನ ಕೇಳಿದರೆ ನಾನೇನು ಹೇಳಲಿ ಅಂದ.

ಸುದ್ದಿಸಂಸ್ಥೆಯವರಿಗೆ ನಂಬಿಕೆ ಬರಲಿಲ್ಲ. ನಗುವ ಆರ್ಮ್‌ಸ್ಟ್ರಾಂಗ್ ಹೀಗೆ ಹೇಳುವುದುಂಟೇ? ಮಾರನೆಯ ದಿನ ಹುಡುಗ ಬರಹವನ್ನು ಹಿಡಿದು ಮತ್ತೆ ಹೋದ. ಆರ್ಮ್‌ಸ್ಟ್ರಾಂಗ್ ಓದಿ, ಒಂದಕ್ಷರ ತೆಗೆಯದೆ, ಸರಿಯಾಗಿದೆ ಅಂತ ಬರೆದು ಸಹಿ ಹಾಕಿದ. ಅವನ ಪ್ರವಾಸದ ಮೇಲ್ವಿಚಾರಕ ನಮ್ಮವನು ಪಶ್ಚಾತ್ತಾಪ ಪಡುತ್ತಿದ್ದಾನೆ ಅಂತ ಪತ್ರಿಕೆಗಳಿಗೆ ಹೇಳಿದ. ಆರ್ಮ್‌ಸ್ಟ್ರಾಂಗ್ ಅದನ್ನೂ ಅಲ್ಲಗಳೆದ. ಕಾರ್ಯಕ್ರಮ ರದ್ದು ಮಾಡಿದರು, ಅವನ ತಟ್ಟೆಗಳನ್ನು ಬಹಿಷ್ಕರಿಸಿ ಅಂತ ಕೂಗೆದ್ದಿತು. ಸೆಪ್ಟೆಂಬರ್ 24ರಂದು ಐಸೆನ್‌ಹೋವರ್ ಸೈನ್ಯದ 101ನೇ ವಾಯುದಳವನ್ನು ಕಳಿಸಿದ, ಮಾರನೆ ದಿನ ಮಕ್ಕಳು ಶಾಲೆಯೊಳಗೆ ಹೋದರು. ಅದು ಆರ್ಮ್‌ಸ್ಟ್ರಾಂಗನ ಒಂದು ಮಾತಿನಿಂದ ಆಯ್ತು ಅಂತ ನಾವು ಹೇಳೋದಿಲ್ಲ. ಆ ಮಕ್ಕಳ, ಅವರ ತಾಯ್ತಂದೆಯರ ಧೈರ್ಯದಿಂದ ಆದದ್ದು ಅದು. ಆದರೆ ಎಲ್ಲವನ್ನೂ ಕಳೆದುಕೊಳ್ಳುವ ಅಪಾಯವಿದ್ದವನೊಬ್ಬ ಆ ಮಾತು ಆಡಿದ ಅನ್ನೋದನ್ನ ಮರೆಯುವ ಹಾಗಿಲ್ಲ. ಆಗ ಕರಿಯರಲ್ಲೇ ಹೆಸರುವಾಸಿಯಾದ ಸ್ಯಾಮಿ ಡೇವಿಸ್ ಜೂನಿಯರ್ ಅವನ ಮೇಲೆಯೇ ಹರಿಹಾಯ್ದ. ಬೇರೆ ಬೇರೆ ಕೂರಿಸಿದ ಸಭೆಗಳಲ್ಲಿ ಇಷ್ಟು ವರ್ಷ ನುಡಿಸಿದವನಿಗೆ ಈಗೇನು ಹಕ್ಕು ಅನ್ನೋದು ಅವನ ಆಕ್ಷೇಪ. ಸುಮ್ಮನಿದ್ದಾಗಲೂ ಏಟು, ಬಾಯಿ ಬಿಟ್ಟಾಗಲೂ ಏಟು.

1965ರಲ್ಲಿ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ನಡೆದವರನ್ನು ಪೊಲೀಸರು ಬಡಿದಾಗ ಅವನು ಯೂರೋಪಿನ ಪ್ರವಾಸದಲ್ಲಿದ್ದ. ಏಸು ಕಪ್ಪಗಿದ್ದು ಆ ಮೆರವಣಿಗೆಯಲ್ಲಿ ನಡೆದಿದ್ದರೆ ಅವನನ್ನೂ ಹೊಡೆಯುತ್ತಿದ್ದರು ಅಂತ ಕೋಪನ್‌ಹೇಗನ್‌ನಲ್ಲಿ ಹೇಳಿದ. 'ಬ್ಲ್ಯಾಕ್ ಅಂಡ್ ಬ್ಲೂ' ಅನ್ನೋ ಹಾಡನ್ನು ಆ ತಿಂಗಳು ಪೂರ್ವ ಬರ್ಲಿನ್ನಿನಲ್ಲಿ ನುಡಿಸಿದ. ಅದು ಮೈಬಣ್ಣಕ್ಕಾಗಿ ನೋವು ತಿನ್ನುವವನ ಹಾಡು. 1929ರಲ್ಲೇ ಅವನು ಮುದ್ರಿಸಿದ್ದ ಹಾಡು. 1956ರಲ್ಲಿ ಬಿಡುಗಡೆಯ ಹೊಸ್ತಿಲಲ್ಲಿದ್ದ ಘಾನಾದ ನಾಯಕ ಎನ್‌ಕ್ರೂಮಾ ಎದುರಿಗೂ ಅದನ್ನೇ ಹಾಡಿದ್ದ.

ಇಷ್ಟು ಹೇಳಿ ಅವನನ್ನು ಹೋರಾಟಗಾರನ ಪಟ್ಟಕ್ಕೆ ಏರಿಸಿಬಿಡೋಣವೇ? ಆಗದು. 1960ರಲ್ಲಿ ಅವನು ಮತ್ತೆ ಆಫ್ರಿಕಕ್ಕೆ ಹೋದ. ಪೆಪ್ಸಿ ಕಂಪನಿಯ ದುಡ್ಡು, ಅಮೆರಿಕ ವಿದೇಶಾಂಗ ಇಲಾಖೆಯ ಆಶ್ರಯ. ಆಗತಾನೇ ಸ್ವತಂತ್ರವಾದ ಕಾಂಗೋದಲ್ಲಿ ಅವನು ನುಡಿಸುತ್ತಿದ್ದಾಗ ಜನರು ಆರಿಸಿದ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಗೃಹಬಂಧನದಲ್ಲಿದ್ದ. 1961ರ ಜನವರಿ 17ರಂದು ಅವನನ್ನು ಕೊಂದರು. ಅವನನ್ನು ಮುಗಿಸಲು ಅಮೆರಿಕದ ಗೂಢಚಾರ ಸಂಸ್ಥೆ ಸಂಚು ಹೂಡಿತ್ತು ಅಂತ 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಬಯಲು ಮಾಡಿತು. ಆ ಸಂಚು ಆರ್ಮ್‌ಸ್ಟ್ರಾಂಗನಿಗೆ ಗೊತ್ತಿತ್ತು ಅನ್ನಲು ಆಧಾರ ಇಲ್ಲ. ಆದರೆ ತಮ್ಮ ದೇಶದಲ್ಲಿ ಕರಿಯರು ಎಷ್ಟು ಸುಖಿಗಳು ನೋಡಿ ಅಂತ ತೋರಿಸಲು ಸರ್ಕಾರ ಬಳಸಿಕೊಂಡದ್ದು ಅವನ ನಗೆಯನ್ನೇ. 1957ರಲ್ಲಿ ಇದನ್ನು ಅರ್ಥ ಮಾಡಿಕೊಂಡವನು 1960ರಲ್ಲಿ ಯಾಕೆ ಹೊರಟ? ಅವನ ಲೆಕ್ಕದಲ್ಲಿ ಇದು ಸಾಲದ ಬಾಬತ್ತು. ಅಳಿಸಲು ಬರೋದಿಲ್ಲ.

ಇನ್ನೊಂದು ಬಗೆಯ ಆಕ್ಷೇಪ ಇದೆ. ಅದು ಹೆಚ್ಚಾಗಿ ಬಿಳಿ ವಿಮರ್ಶಕರದು. 1928ರ ತನಕ ಅವನು ಮಹಾ ಕಲಾವಿದ, ಆಮೇಲೆ ಸಿನಿಮಾ ಹಾಡು ಹಾಡಿ, ಜನರನ್ನು ನಗಿಸಿ ಪ್ರತಿಭೆ ಪೋಲು ಮಾಡಿದ ಅನ್ನೋ ವಾದ. 1983ರಲ್ಲಿ ಬಂದ ಜೇಮ್ಸ್ ಲಿಂಕನ್ ಕೋಲಿಯರನ ಜೀವನಚರಿತ್ರೆ ಈ ದಾರಿಯದು. ಈ ವಾದ ನಮಗೆ ಒಪ್ಪಿಗೆ ಇಲ್ಲ. ಕಲೆ ಬೇರೆ, ರಂಜನೆ ಬೇರೆ ಅಂತ ಗೆರೆ ಎಳೆದವರು ಹೊಟ್ಟೆ ತುಂಬಿದವರು. ಹೆಣದ ಮುಂದೆ ನುಡಿಸಿ, ಮದುವೆಯಲ್ಲಿ ನುಡಿಸಿ, ಹೆಂಡದಂಗಡಿಯಲ್ಲಿ ನುಡಿಸಿ ಬೆಳೆದ ಹುಡುಗನಿಗೆ ಆ ಗೆರೆ ಎಲ್ಲಿತ್ತು? ನಮ್ಮವರ ಹಾಡು ಕಾಡಿನಲ್ಲಿರುವ ತನಕ ಚೆನ್ನ, ಜನಪ್ರಿಯವಾದರೆ ಕೆಟ್ಟಿತು ಅನ್ನೋ ಪಂಡಿತರ ಮೂಗುಮುರಿತ ಇದು. 1964ರಲ್ಲಿ, 62ರ ವಯಸ್ಸಿನಲ್ಲಿ, 'ಹಲೋ ಡಾಲಿ' ಹಾಡಿನಿಂದ ಅವನು ಬೀಟಲ್ಸ್ ಹುಡುಗರನ್ನು ಮೊದಲ ಸ್ಥಾನದಿಂದ ಇಳಿಸಿದ. ಅದೂ ದುಡಿಮೆಯೇ.

ಹುಡುಗರ ಆಕ್ಷೇಪ ಬೇರೆ ಮಾತು. ಅದು ಒಳಗಿನ ಮಾತು. ಗಿಲೆಸ್ಪಿ 1979ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಹಳೆಯ ತೀರ್ಪನ್ನು ತಾನೇ ತಿದ್ದಿದ. ನಾನು ಯಾವುದನ್ನು ಬಿಳಿಯರ ಮುಂದೆ ಹಲ್ಲು ಕಿರಿಯೋದು ಅಂದುಕೊಂಡೆನೋ, ಅದು ಬದುಕಿನ ಸಂತೋಷವನ್ನು ಯಾರೂ ಕದಿಯಲು ಬಿಡಲಾರೆ ಅನ್ನೋ ಹಟವಾಗಿತ್ತು ಎಂಬ ಅರ್ಥದಲ್ಲಿ ಬರೆದ. ಮೈಲ್ಸ್ ಡೇವಿಸ್ ಮಾತ್ರ 1989ರ ತನ್ನ ಆತ್ಮಕಥೆಯಲ್ಲೂ ಅವನ ತುತ್ತೂರಿ ಪ್ರೀತಿ, ಅವನ ನಗೆ ಹಿಡಿಸದು ಅಂತಲೇ ನಿಂತ. ಕರಿಯ ನಟ ಆಸಿ ಡೇವಿಸ್ ಒಂದು ಸಂಗತಿ ಹೇಳಿದ್ದಾನೆ. 1966ರಲ್ಲಿ ಬಿಡುಗಡೆಯಾದ ಸಿನಿಮಾ ಒಂದರ ಚಿತ್ರೀಕರಣದ ವಿರಾಮದಲ್ಲಿ ಆರ್ಮ್‌ಸ್ಟ್ರಾಂಗ್ ಒಬ್ಬನೇ ಕೂತಿದ್ದನಂತೆ. ಮುಖದಲ್ಲಿ ಹೇಳತೀರದ ದುಃಖ. ಯಾರೋ ಬಂದರು ಅಂತ ಗೊತ್ತಾದ ಕೂಡಲೇ ಆ ಹಳೆಯ ನಗೆ ಬಂದು ಕೂತಿತು. ಅವತ್ತಿನಿಂದ ಆಸಿ ಡೇವಿಸ್ ಅವನ ನಗೆಯನ್ನು ಬೇರೆ ಕಣ್ಣಿನಿಂದ ನೋಡಿದ. ಆರ್ಮ್‌ಸ್ಟ್ರಾಂಗ್ ಮನೆಯಲ್ಲಿ ನೂರಾರು ಟೇಪುಗಳಲ್ಲಿ ತನ್ನ ಮಾತನ್ನು ತಾನೇ ಮುದ್ರಿಸಿಟ್ಟಿದ್ದ. ರಂಗದ ಮೇಲೆ ಆಡದ ಸಿಟ್ಟು, ಬೈಗುಳ ಅವುಗಳಲ್ಲಿ ಇವೆ. 2003ರಲ್ಲಿ ಆ ಮನೆ ವಸ್ತುಸಂಗ್ರಹಾಲಯವಾಯಿತು. 2022ರ ಒಂದು ಸಾಕ್ಷ್ಯಚಿತ್ರ ಆ ದನಿಯನ್ನು ಜನರಿಗೆ ಕೇಳಿಸಿತು.

ಹಾಗಾದರೆ ನಮ್ಮ ಮಾತೇನು? ಕೀರ್ತಿ ಅವನಿಗೆ ಸಲ್ಲಬೇಕು. ಆದರೆ ಯಾವುದಕ್ಕೆ ಅಂತ ಹೇಳದೆ ಹೊಗಳಿದರೆ ಅದು ಹೊಗಳಿಕೆ ಅಲ್ಲ, ಮತ್ತೊಂದು ಮಸಿ. ಆ ನಗೆ ಅವನು ರಂಗದ ಮೇಲೆ ನಿಲ್ಲಲು ತೆತ್ತ ಬಾಡಿಗೆ. ಬಾಡಿಗೆ ತೆತ್ತವನನ್ನು ಪ್ರಶ್ನೆ ಮಾಡುವ ಹಕ್ಕು ಅವನ ಜನಕ್ಕಿದೆ. ಅವರು ಪ್ರಶ್ನೆ ಮಾಡಿದ್ದರಿಂದಲೇ ಮುಂದಿನವರು ಆ ಬಾಡಿಗೆ ಕೊಡದೆ ನುಡಿಸುವಂತಾಯಿತು. ಬಾಡಿಗೆ ವಸೂಲು ಮಾಡಿದವರಿಗೆ ಮಾತ್ರ, ಅವನು ಗುಲಾಮ ಅನ್ನುವ ಹಕ್ಕೂ ಇಲ್ಲ, ಅವನೆಷ್ಟು ಒಳ್ಳೆಯವನು, ಸದಾ ನಗುತ್ತಿದ್ದ ಅನ್ನುವ ಹಕ್ಕೂ ಇಲ್ಲ. ನೊಂದವರು ತಮ್ಮ ಕಲಾವಿದನನ್ನು ಅಳೆಯುವಾಗ ಎರಡು ಕೆಲಸ ಒಟ್ಟಿಗೆ ಮಾಡಬೇಕಾಗುತ್ತೆ. ಅವನು ಬಾಗಿದ್ದು ಎಲ್ಲಿ ಅಂತ ಮುಚ್ಚಿಡದೆ ಹೇಳಬೇಕು. ಅವನನ್ನು ಬಾಗಿಸಿದವರು ಯಾರು ಅಂತಲೂ ಹೆಸರು ಹಿಡಿದು ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿದರೆ ಧಣಿಗೆ ಸಂತೋಷ. ಎರಡನೆಯದನ್ನು ಮಾತ್ರ ಹೇಳಿದರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ನ್ಯೂ ಆರ್ಲಿಯನ್ಸ್ ಅವನು ಹುಟ್ಟಿದ ಮನೆಯನ್ನು 1964ರಲ್ಲಿ ಪೊಲೀಸ್ ಮತ್ತು ಕೋರ್ಟು ಕಟ್ಟಡಗಳ ಸಲುವಾಗಿ ಕೆಡವಿತು. 2001ರಲ್ಲಿ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಟ್ಟಿತು. ಜಗತ್ತು ಇವತ್ತು ಅವನ ಹೆಸರಲ್ಲಿ ಹೆಚ್ಚಾಗಿ ಕೇಳೋದು 1967ರ 'ವಾಟ್ ಎ ವಂಡರ್‌ಫುಲ್ ವರ್ಲ್ಡ್' ಹಾಡನ್ನು. ಈ ಲೋಕ ಎಷ್ಟು ಚೆಂದ ಅನ್ನೋ ಹಾಡು ಅದು. ಕೇಳಲಿ, ತಪ್ಪೇನಿಲ್ಲ. ಆದರೆ ಆ ಹಾಡು ಹಾಕುವ ಮೇಷ್ಟ್ರುಗಳು, ವಿದ್ಯಾರ್ಥಿಗಳು ಅದಕ್ಕಿಂತ ಹತ್ತು ವರ್ಷ ಹಿಂದೆ, ಒಂಬತ್ತು ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದಾಗ, ಅದೇ ಬಾಯಿ ಏನು ಹೇಳಿತ್ತು ಅನ್ನೋದನ್ನೂ ಜೊತೆಗೆ ಹೇಳಲಿ.